ಎಣಿಕೆಯ ಭಾಷೆ ಮತ್ತು ಬುದ್ಧಿಯ ಎಣಿಕೆ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹಿನ್ನೆಲೆಯಲ್ಲಿ ಕಾರ್ಯಸ್ಮೃತಿ ವಾದದ ಒಂದು ವಿಮರ್ಶೆ

ಸಾರಾಂಶ: ಕಾರ್ಯಸ್ಮೃತಿಯ ಸಾಮರ್ಥ್ಯಕ್ಕೂ ಬುದ್ಧಿಶಕ್ತಿಗೂ ಗಾಢವಾದ ಸಂಬಂಧವಿದೆ ಎಂಬುದು ಕಳೆದ ನಾಲ್ಕು ದಶಕಗಳ ಮನೋವಿಜ್ಞಾನದ ಮುಖ್ಯ ತೀರ್ಮಾನಗಳಲ್ಲಿ ಒಂದು. ಈ ಲೇಖನ ಆ ತೀರ್ಮಾನವನ್ನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಶಾಲಾಮಕ್ಕಳಿಗೆ ಅನ್ವಯಿಸುವಾಗ ಬಳಕೆಯಾಗುವ ಅಂಕಿವ್ಯಾಪ್ತಿ, ವಾಕ್ಯವ್ಯಾಪ್ತಿ ಮೊದಲಾದ ಅಳತೆಗೋಲುಗಳು ಭಾಷಾತಟಸ್ಥವೆಂಬ ನಂಬಿಕೆಯನ್ನು ಪ್ರಶ್ನಿಸುತ್ತದೆ. ಕನ್ನಡ, ತೆಲುಗು, ದಖನಿ ಮೂರೂ ಮನೆಮಾತಾಗಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ನಿದರ್ಶನವಾಗಿಟ್ಟುಕೊಂಡು, ಸಂಖ್ಯಾವಾಚಕಗಳ ಅಕ್ಷರ, ಮಾತ್ರೆ ಮತ್ತು ಸಂಧಿಯ ಲೆಕ್ಕ ಹಾಕಿ, ಸ್ಮೃತಿಪರೀಕ್ಷೆಯ ಗಳಿಕೆ ಮಗುವಿನ ಗುಣವಷ್ಟೇ ಅಲ್ಲ, ಒಂದು ಭಾಷೆಯಲ್ಲಿರುವ ಮಗುವಿನ ಗುಣ ಎಂದು ವಾದಿಸುತ್ತದೆ.

ಪ್ರಮುಖ ಪದಗಳು: ಕಾರ್ಯಸ್ಮೃತಿ, ಬುದ್ಧಿಶಕ್ತಿ, ಅಂಕಿವ್ಯಾಪ್ತಿ, ಸಂಖ್ಯಾವಾಚಕ, ಲೋಪಸಂಧಿ, ದ್ವಿಭಾಷಿಕತೆ

1. ಪ್ರಶ್ನೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಶಾಲಾ ಆಡಳಿತದ ದೃಷ್ಟಿಯಿಂದ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂಬ ಒಂದೇ ಘಟಕ. ಭಾಷೆಯ ದೃಷ್ಟಿಯಿಂದ ಅವು ಒಂದೇ ಅಲ್ಲ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದಲ್ಲಿ ತೆಲುಗು ಅಸಂಖ್ಯ ಮನೆಗಳ ಮಾತು. ಮಧುಗಿರಿಯ ಗಡಿಯ ಹಳ್ಳಿಗಳಲ್ಲಿಯೂ ಅದು ಕೇಳಿಬರುತ್ತದೆ. 1687ರಲ್ಲಿ ಮೊಗಲರ ವಶವಾಗಿ ಸುಬಾ ಕೇಂದ್ರವಾದ ಶಿರಾದಲ್ಲಿ ದಖನಿ ಉರ್ದು ಇಂದಿಗೂ ಪೇಟೆಯ ಮತ್ತು ಮನೆಯ ಭಾಷೆ. ಕನ್ನಡವಾದರೋ ನಾಲ್ಕೂ ತಾಲ್ಲೂಕುಗಳ ಸಾಮಾನ್ಯ ಭಾಷೆ ಮತ್ತು ಹೆಚ್ಚಿನ ಶಾಲೆಗಳ ಮಾಧ್ಯಮ.

ಈ ಜಿಲ್ಲೆಯ ಮೂರನೆಯ ತರಗತಿಯ ಮೂವರು ಮಕ್ಕಳನ್ನು ಕಲ್ಪಿಸಿಕೊಳ್ಳೋಣ: ಕೊರಟಗೆರೆಯ ಕನ್ನಡದ ಹುಡುಗ, ಪಾವಗಡದ ತೆಲುಗು ಮನೆಮಾತಿನ ಹುಡುಗಿ, ಶಿರಾದ ದಖನಿ ಮನೆಮಾತಿನ ಹುಡುಗ. ಪರೀಕ್ಷಕರು ಸೆಕೆಂಡಿಗೊಂದರಂತೆ ಕನ್ನಡದಲ್ಲಿ ಅಂಕಿಗಳನ್ನು ಹೇಳುತ್ತಾರೆ. ಮಗು ಅದೇ ಕ್ರಮದಲ್ಲಿ ತಿರುಗಿ ಹೇಳಬೇಕು, ಆಮೇಲೆ ಹಿಂದುಮುಂದಾಗಿ ಹೇಳಬೇಕು. ತಪ್ಪದೆ ಹೇಳಿದ ಅತ್ಯಂತ ಉದ್ದದ ಸರಣಿಯೇ ಆ ಮಗುವಿನ ಅಂಕಿವ್ಯಾಪ್ತಿ. ಒಂದು ಮಗು ಐದಕ್ಕೆ ನಿಂತಿತು, ಇನ್ನೊಂದು ನಾಲ್ಕಕ್ಕೆ ನಿಂತಿತು ಎನ್ನೋಣ. ವರದಿಯಲ್ಲಿ ಎರಡನೆಯ ಮಗುವಿನ ಹೆಸರಿನ ಮುಂದೆ ‘ಕಾರ್ಯಸ್ಮೃತಿ ದುರ್ಬಲ’ ಎಂಬ ಮಾತು ಸೇರುತ್ತದೆ. ಕಾರ್ಯಸ್ಮೃತಿಯೇ ಬುದ್ಧಿಶಕ್ತಿಯ ತಿರುಳು ಎಂದು ಓದಿಕೊಂಡವರ ಕೈಯಲ್ಲಿ ಆ ಮಾತು ‘ಬುದ್ಧಿ ಮಂದ’ ಎಂದು ಅನುವಾದಗೊಳ್ಳಲು ಬಹಳ ಹೊತ್ತು ಬೇಕಿಲ್ಲ. ಈ ಎರಡು ಮಾತುಗಳ ನಡುವಿನ ಜಿಗಿತವೇ ಪ್ರಸ್ತುತ ವಿಮರ್ಶೆಯ ವಸ್ತು.

2. ಸಂಬಂಧ ಎಷ್ಟು ಗಟ್ಟಿ?

ಮನೋವಿಜ್ಞಾನಿಗಳು ವರ್ಕಿಂಗ್ ಮೆಮೊರಿ ಎಂದು ಕರೆಯುವುದನ್ನು ಇಲ್ಲಿ ಕಾರ್ಯಸ್ಮೃತಿ ಎಂದಿದ್ದೇವೆ. ಆಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮಂಡಿಸಿದ ಮಾದರಿಯಲ್ಲಿ ಅದು ಕೇವಲ ಉಗ್ರಾಣವಲ್ಲ. ಮಾಹಿತಿಯನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ವ್ಯವಸ್ಥೆ ಅದು. ಧ್ವನಿರೂಪದ ಮಾಹಿತಿಯನ್ನು ಒಳದನಿಯಲ್ಲಿ ಮತ್ತೆ ಮತ್ತೆ ಹೇಳಿಕೊಂಡು ಉಳಿಸಿಕೊಳ್ಳುವ ಧ್ವನಿವರ್ತುಲ, ದೃಶ್ಯ ಮತ್ತು ಸ್ಥಳದ ಮಾಹಿತಿಗೆ ಇನ್ನೊಂದು ಅಂಗ, ಇವೆರಡನ್ನೂ ನಡೆಸುವ ಅವಧಾನದ ನಿಯಂತ್ರಣ, ಹೀಗೆ ಅದಕ್ಕೆ ಮೂರು ಭಾಗಗಳು.

ಬುದ್ಧಿಶಕ್ತಿಯ ಪರಿಕಲ್ಪನೆ ಇದಕ್ಕಿಂತ ಹಳೆಯದು. ಬೇರೆ ಬೇರೆ ಪರೀಕ್ಷೆಗಳ ಗಳಿಕೆಗಳು ಒಂದರೊಡನೊಂದು ಏರಿಳಿಯುವುದನ್ನು ಕಂಡ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಅವೆಲ್ಲದರ ಹಿಂದೆ ಒಂದು ಸಾಮಾನ್ಯ ಘಟಕವಿದೆ ಎಂದರು. ಈ ಚಿಂತನೆ ಕನ್ನಡನಾಡಿಗೆ ಬೇಗನೆ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿಯೇ ಕಲಿತವರು. 1930ರ ದಶಕದಲ್ಲಿ ವಿ. ವಿ. ಕಾಮತರು ಬಿನೆ ಪರೀಕ್ಷೆಯನ್ನು ಧಾರವಾಡ ಪ್ರದೇಶದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಅಂಕಿಗಳನ್ನೂ ವಾಕ್ಯಗಳನ್ನೂ ಕೇಳಿ ತಿರುಗಿ ಹೇಳುವುದು ಅದರ ಭಾಗ. ಕಾಮತರ ಒಂದು ಎಚ್ಚರ ಇಲ್ಲಿ ನೆನೆಯತಕ್ಕದ್ದು: ಇಂಗ್ಲಿಷ್ ಮಕ್ಕಳ ಮಾನದಂಡವನ್ನು ಅವರು ಹಾಗೆಯೇ ಎತ್ತಿಕೊಳ್ಳಲಿಲ್ಲ, ಇಲ್ಲಿನ ಮಕ್ಕಳನ್ನೇ ಪರೀಕ್ಷಿಸಿ ಮಾನದಂಡ ಕಟ್ಟಿದರು. ಆದರೆ ಧಾರವಾಡದ ಮಾನದಂಡ ಪಾವಗಡಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಅದೇ ಎಚ್ಚರದ ಮುಂದಿನ ಹೆಜ್ಜೆ.

ಎರಡು ಪರಿಕಲ್ಪನೆಗಳನ್ನೂ ಬಿಗಿಯಾಗಿ ಬೆಸೆದದ್ದು 1990ರಲ್ಲಿ ಪ್ಯಾಟ್ರಿಕ್ ಕಿಲೋನೆನ್ ಮತ್ತು ರೇಮಂಡ್ ಕ್ರಿಸ್ಟಲ್ ಬರೆದ ಲೇಖನ. ಅಮೆರಿಕದ ವಾಯುಪಡೆಗೆ ಸೇರಿದ ಯುವಕರನ್ನು ಪರೀಕ್ಷಿಸಿ, ತರ್ಕಶಕ್ತಿಗೂ ಕಾರ್ಯಸ್ಮೃತಿಗೂ 0.80ರಿಂದ 0.88ರವರೆಗಿನ ಸಹಸಂಬಂಧವನ್ನು ಅವರು ತೋರಿಸಿದರು. ತರ್ಕಶಕ್ತಿ ಎಂದರೆ ಕಾರ್ಯಸ್ಮೃತಿಯ ಸಾಮರ್ಥ್ಯಕ್ಕಿಂತ ಹೆಚ್ಚೇನೂ ಅಲ್ಲವೇ ಎಂದು ಕೇಳುವ ತಮ್ಮ ಶೀರ್ಷಿಕೆಯ ಕೊನೆಗೆ ಅವರು ಪ್ರಶ್ನಾರ್ಥಕ ಮತ್ತು ಆಶ್ಚರ್ಯಸೂಚಕ ಚಿಹ್ನೆಗಳೆರಡನ್ನೂ ಇಟ್ಟಿದ್ದರು. ಅನಂತರದ ಉಲ್ಲೇಖಗಳಲ್ಲಿ ಆ ಎರಡು ಚಿಹ್ನೆಗಳ ಸಂಕೋಚ ಬಹಳ ಮಟ್ಟಿಗೆ ಅಳಿಸಿಹೋಯಿತು.

2005ರಲ್ಲಿ ಫಿಲಿಪ್ ಆಕರ್‌ಮನ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಾರ್ಯಸ್ಮೃತಿಗೂ ಸಾಮಾನ್ಯ ಬುದ್ಧಿಶಕ್ತಿಗೂ ಇರುವ ಸಹಸಂಬಂಧ 0.479ಕ್ಕೆ ಇಳಿಯಿತು. ಅದೇ ವರ್ಷ ಮೈಕಲ್ ಕೇನ್, ಡೇವಿಡ್ ಹ್ಯಾಂಬ್ರಿಕ್ ಮತ್ತು ಆಂಡ್ರ್ಯೂ ಕಾನ್ವೇ ಇನ್ನೊಂದು ವಿಶ್ಲೇಷಣೆಯಿಂದ ಅದು 0.72 ಎಂದು ಉತ್ತರಿಸಿದರು. ಈ ಸಂಖ್ಯೆಗಳ ವರ್ಗವನ್ನು ತೆಗೆದುಕೊಂಡರೆ, ಮೊದಲನೆಯ ಲೆಕ್ಕದಲ್ಲಿ ವ್ಯತ್ಯಾಸದ ಶೇ. 23ರಷ್ಟು ಭಾಗ ಎರಡಕ್ಕೂ ಸಮಾನ, ಎರಡನೆಯ ಲೆಕ್ಕದಲ್ಲಿ ಸುಮಾರು ಅರ್ಧ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಕಾರ್ಯಸ್ಮೃತಿ ಬುದ್ಧಿಶಕ್ತಿಯ ಇನ್ನೊಂದು ಹೆಸರಲ್ಲ.

ನಮಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ರಾಂಡಲ್ ಎಂಗಲ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ, ದ್ರವಬುದ್ಧಿಯೊಡನೆ ಗಟ್ಟಿಯಾಗಿ ಬೆಸೆದಿರುವುದು ಸರಳವಾಗಿ ಕೇಳಿ ಹೇಳುವ ವ್ಯಾಪ್ತಿಯಲ್ಲ. ಒಂದು ಕೆಲಸ ಮಾಡುತ್ತಲೇ ಇನ್ನೊಂದನ್ನು ನೆನಪಿಡುವ ಸಂಕೀರ್ಣ ವ್ಯಾಪ್ತಿ ಅದು. ಆದರೆ ಶಾಲೆ ಮತ್ತು ಚಿಕಿತ್ಸಾಲಯಗಳಲ್ಲಿ ಸುಲಭವಾಗಿ ಸಿಗುವುದು ಮೊದಲನೆಯದು. ಹೀಗೆ ಸಿದ್ಧಾಂತಕ್ಕೆ ಅಧಿಕಾರ ಬಂದದ್ದು ಒಂದು ಬಗೆಯ ಪರೀಕ್ಷೆಯಿಂದ, ಮಗುವಿನ ಮೇಲೆ ತೀರ್ಪು ಬರುವುದು ಇನ್ನೊಂದು ಬಗೆಯ ಪರೀಕ್ಷೆಯಿಂದ. ಈ ಜಾರುವಿಕೆ ವಾದದ ಮೊದಲ ದೋಷ. ಎರಡನೆಯ ದೋಷ ಭಾಷೆಯದು. ಉಳಿದ ಭಾಗ ಅದರ ಕುರಿತದ್ದು.

3. ಒಂದರಿಂದ ಒಂಬತ್ತರವರೆಗೆ

ಧ್ವನಿವರ್ತುಲ ಕಾಲಬದ್ಧವಾದುದು. 1975ರಲ್ಲಿ ಬ್ಯಾಡ್ಲಿ ಮತ್ತು ಸಂಗಡಿಗರು ತೋರಿಸಿದಂತೆ, ಸುಮಾರು ಎರಡು ಸೆಕೆಂಡುಗಳಲ್ಲಿ ಎಷ್ಟು ಪದಗಳನ್ನು ಉಚ್ಚರಿಸಬಲ್ಲೆವೋ ಹೆಚ್ಚುಕಡಮೆ ಅಷ್ಟನ್ನು ನೆನಪಿಡಬಲ್ಲೆವು. ಇದರ ಭಾಷಿಕ ಪರಿಣಾಮವನ್ನು 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ಗುರುತಿಸಿದರು. ವೆಲ್ಷ್ ಭಾಷೆಯ ಮಕ್ಕಳು ಅಂಕಿವ್ಯಾಪ್ತಿಯಲ್ಲಿ ಅಮೆರಿಕದ ಮಾನದಂಡಕ್ಕಿಂತ ಹಿಂದುಳಿಯಲು ಕಾರಣ ಅವರ ಸ್ಮೃತಿಯಲ್ಲ, ಉಚ್ಚರಿಸಲು ಹೆಚ್ಚು ಕಾಲ ಹಿಡಿಯುವ ವೆಲ್ಷ್ ಅಂಕಿಗಳು ಎಂಬುದು ಅವರ ವಾದ. ದ್ವಿಭಾಷಿಕರ ಒಳದನಿಯನ್ನು ಬೇರೊಂದು ಉಚ್ಚಾರಣೆಯಿಂದ ತಡೆದಾಗ ಎರಡು ಭಾಷೆಗಳ ನಡುವಿನ ಅಂತರ ಅಳಿಯಿತು. ಚಿಂಕೋಟಾ ಮತ್ತು ಅಂಡರ್‌ವುಡ್ 1997ರಲ್ಲಿ ಚೀನೀ, ಇಂಗ್ಲಿಷ್, ಫಿನ್ನಿಷ್, ಗ್ರೀಕ್, ಸ್ಪ್ಯಾನಿಷ್, ಸ್ವೀಡಿಷ್ ಭಾಷಿಕರಲ್ಲಿ ಇದೇ ಬಗೆಯ ಫಲ ಕಂಡರು.

ನಮ್ಮ ನಾಲ್ಕು ತಾಲ್ಲೂಕುಗಳ ಅಂಕಿಗಳನ್ನು ಈ ಬೆಳಕಿನಲ್ಲಿ ಇಡೋಣ. ‘ಅಕ್ಷರ’ವನ್ನು ಲಿಪಿಯ ಅರ್ಥದಲ್ಲಲ್ಲ, ಛಂದಸ್ಸಿನ ಉಚ್ಚಾರಘಟಕದ ಅರ್ಥದಲ್ಲಿ ತೆಗೆದುಕೊಂಡಿದೆ.

ಕನ್ನಡ: ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು. 20 ಅಕ್ಷರ, 29 ಮಾತ್ರೆ.

ತೆಲುಗು: ಒಕಟಿ, ರೆಂಡು, ಮೂಡು, ನಾಲುಗು, ಐದು, ಆರು, ಏಡು, ಎನಿಮಿದಿ, ತೊಮ್ಮಿದಿ. 23 ಅಕ್ಷರ, 30 ಮಾತ್ರೆ.

ದಖನಿ: ಏಕ್, ದೋ, ತೀನ್, ಚಾರ್, ಪಾಂಚ್, ಛೇ, ಸಾತ್, ಆಠ್, ನೌ. 9 ಅಕ್ಷರ. ಕನ್ನಡ ಛಂದಸ್ಸಿನಂತೆ ಪ್ರತಿಯೊಂದನ್ನೂ ಒಂದು ಗುರುವೆಂದು ಎಣಿಸಿದರೆ 18 ಮಾತ್ರೆ. ಕೊನೆಯ ವ್ಯಂಜನಕ್ಕೂ ಒಂದು ಮಾತ್ರೆ ಕೊಡುವ ಹಿಂದಿ ಛಂದಸ್ಸಿನ ರೂಢಿಯಂತೆ 24.

ಈ ಪಟ್ಟಿಯಿಂದ ಎರಡು ಸಂಗತಿಗಳು ಹೊರಡುತ್ತವೆ. ಅಕ್ಷರ ಎಣಿಸಿದರೆ ಶಿರಾದ ಹುಡುಗನ ಮನೆಮಾತಿನ ಅಂಕಿಗಳು ಕನ್ನಡದ ಅರ್ಧಕ್ಕಿಂತಲೂ ಕಡಿಮೆ ಉದ್ದದವು. ಮಾತ್ರೆ ಎಣಿಸಿದರೆ, ಅದರಲ್ಲೂ ಎರಡನೆಯ ರೂಢಿಯಂತೆ ಎಣಿಸಿದರೆ, ಆ ಅಂತರ ಬಹಳ ಕುಗ್ಗುತ್ತದೆ, ಕನ್ನಡ ಮತ್ತು ತೆಲುಗಿನ ಅಂತರ ಇಲ್ಲವೇ ಇಲ್ಲ ಎನ್ನುವಷ್ಟಾಗುತ್ತದೆ. ಅಂದರೆ ‘ಉದ್ದ’ ಎಂಬುದನ್ನು ಯಾವ ಘಟಕದಿಂದ ಅಳೆಯಬೇಕು ಎಂಬುದೇ ಇತ್ಯರ್ಥವಾಗಬೇಕಾದ ಪ್ರಶ್ನೆ. ಅದು ಮನೋವಿಜ್ಞಾನದ ಪ್ರಶ್ನೆಯಲ್ಲ, ಧ್ವನಿಶಾಸ್ತ್ರದ ಪ್ರಶ್ನೆ.

4. ಸಂಧಿ ಮಾಡುವ ಕೆಲಸ

ಬಿಡಿಪದಗಳ ಉದ್ದದಿಂದಲೂ ಚಿತ್ರ ಪೂರ್ಣವಾಗುವುದಿಲ್ಲ. ವೆಲ್ಷ್ ಅಂಕಿಗಳ ತೊಡಕು ಅವುಗಳ ಉದ್ದದಲ್ಲಿಲ್ಲ, ಒಂದು ಅಂಕಿಯಿಂದ ಮುಂದಿನದಕ್ಕೆ ದಾಟುವ ಗಡಿಯಲ್ಲಿನ ಉಚ್ಚಾರಣೆಯಲ್ಲಿದೆ ಎಂದು ಮರ್ರೆ ಮತ್ತು ಜೋನ್ಸ್ 2002ರಲ್ಲಿ ವಾದಿಸಿದರು. ಪದಗಳ ಗಡಿ ಎಂದೊಡನೆ ಕನ್ನಡ ವ್ಯಾಕರಣದ ವಿದ್ಯಾರ್ಥಿಗೆ ನೆನಪಾಗಬೇಕಾದದ್ದು ಸಂಧಿ.

ಕನ್ನಡದ ಒಂಬತ್ತು ಅಂಕಿಗಳೂ ಉಕಾರಾಂತ. ಅವುಗಳಲ್ಲಿ ಮೂರು ಮತ್ತು ನಾಲ್ಕನ್ನು ಬಿಟ್ಟು ಉಳಿದ ಏಳೂ ಸ್ವರಾದಿ. ಆದ್ದರಿಂದ ಎರಡು ಅಂಕಿಗಳು ಅಕ್ಕಪಕ್ಕ ಬಂದಾಗ ಲೋಪಸಂಧಿಗೆ ಅವಕಾಶ ಬಹಳ: ಒಂದೆರಡು, ನಾಲ್ಕೈದು, ಐದಾರು, ಆರೇಳು, ಏಳೆಂಟು, ಎಂಟೊಂಬತ್ತು. ಒಂದರಿಂದ ಒಂಬತ್ತರವರೆಗೆ ಓಟದಲ್ಲಿ ಹೇಳುವಾಗ ಈ ಆರು ಗಡಿಗಳಲ್ಲಿ ಒಂದೊಂದು ಅಕ್ಷರ ಲೋಪವಾದರೆ 20 ಅಕ್ಷರಗಳು 14ಕ್ಕೆ ಇಳಿಯುತ್ತವೆ. ತೆಲುಗಿನಲ್ಲಿಯೂ ಉಕಾರ ಸಂಧಿಯುಂಟು: ನಾಲುಗೈದು, ಐದಾರು, ಆರೇಡು, ಏಡೆನಿಮಿದಿ. ಆದರೆ ಅಲ್ಲಿ ಲೋಪಕ್ಕೆ ಸಿಗುವ ಗಡಿಗಳು ನಾಲ್ಕೇ, 23 ಅಕ್ಷರಗಳು 19ಕ್ಕೆ ಇಳಿಯುತ್ತವೆ. ದಖನಿಯ ವ್ಯಂಜನಾಂತ ಮತ್ತು ದೀರ್ಘಾಂತ ಅಂಕಿಗಳಲ್ಲಿ ಈ ಬಗೆಯ ಲೋಪವಿಲ್ಲ.

ಪರೀಕ್ಷೆಯಲ್ಲಿ ಅಂಕಿಗಳು ಕ್ರಮವಾಗಿ ಬರುವುದಿಲ್ಲ ಎಂಬ ಆಕ್ಷೇಪ ಸರಿಯೇ. ಆದ್ದರಿಂದ ಒಂಬತ್ತು ಅಂಕಿಗಳಲ್ಲಿ ಪುನರಾವೃತ್ತಿಯಿಲ್ಲದೆ ಸಾಧ್ಯವಿರುವ 72 ಜೋಡಿಗಳನ್ನೂ ನೋಡೋಣ. ಕನ್ನಡದಲ್ಲಿ ಅವುಗಳಲ್ಲಿ 56 ಜೋಡಿಗಳು ಲೋಪಸಂಧಿಗೆ ಅರ್ಹ. ತೆಲುಗಿನಲ್ಲಿ ಉಕಾರ ಸಂಧಿಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 27. ಒಳದನಿಯಲ್ಲಿ ಬೇಗಬೇಗ ಹೇಳಿಕೊಳ್ಳುವ ಮಗು ಕನ್ನಡದಲ್ಲಿ ನಾಲ್ಕು ಗಡಿಗಳಲ್ಲಿ ಮೂರಕ್ಕಿಂತ ತುಸು ಹೆಚ್ಚು ಕಡೆ ಅಕ್ಷರ ಉಳಿಸಬಲ್ಲದು. ತೆಲುಗಿನಲ್ಲಿ ಎಣಿಸಿಕೊಳ್ಳುವ ಮಗುವಿಗೆ ಆ ಅನುಕೂಲ ಅದರ ಅರ್ಧಕ್ಕಿಂತಲೂ ಕಡಿಮೆ. ಬಿಡಿಪದಗಳ ಮಾತ್ರೆಯಲ್ಲಿ ಅಳಿಸಿಹೋದ ಕನ್ನಡ ಮತ್ತು ತೆಲುಗಿನ ಅಂತರ ಕೂಡುಮಾತಿನಲ್ಲಿ ಹೀಗೆ ಮರಳಿ ಬರುತ್ತದೆ.

ಆದರೆ ಸಂಧಿ ಕೊಡುವುದನ್ನು ಸಾದೃಶ್ಯ ಕಸಿದುಕೊಳ್ಳಬಹುದು. ಧ್ವನಿಯಲ್ಲಿ ಒಂದನ್ನೊಂದು ಹೋಲುವ ಪದಗಳ ಸರಣಿಯನ್ನು ಕ್ರಮವಾಗಿ ನೆನಪಿಡುವುದು ಕಷ್ಟ ಎಂಬುದು 1960ರ ದಶಕದಿಂದಲೂ ಸ್ಥಾಪಿತವಾದ ಸಂಗತಿ. ಒಂಬತ್ತೂ ಉಕಾರಾಂತವಾಗಿರುವ, ಮೂರು ಮತ್ತು ಆರು ಪ್ರಾಸಬದ್ಧವಾಗಿರುವ ಕನ್ನಡದ ಪಟ್ಟಿಯಲ್ಲಿ ಗೊಂದಲದ ಸಾಧ್ಯತೆ ಹೆಚ್ಚು. ಇದಲ್ಲದೆ ‘ಐದಾರು’, ‘ಏಳೆಂಟು’ಗಳು ಕನ್ನಡದಲ್ಲಿ ಅಂದಾಜನ್ನು ಸೂಚಿಸುವ ಸಿದ್ಧಪದಗಳೂ ಹೌದು. ಆದ್ದರಿಂದ ಆ ಜೋಡಿ ಬಂದಾಗ ಮಗುವಿನ ಮನಸ್ಸು ಎರಡು ಅಂಕಿಗಳನ್ನು ಒಂದೇ ಕಟ್ಟಾಗಿ ಹಿಡಿಯಬಹುದು. ಜಾರ್ಜ್ ಮಿಲ್ಲರ್ 1956ರಲ್ಲಿ ವಿವರಿಸಿದ ಕಟ್ಟುವಿಕೆಗೆ ಕನ್ನಡದ ಸಂಧಿಯೇ ಹುರಿಯಾಗುತ್ತದೆ. ಅಂತಿಮ ಫಲ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಕೂತಲ್ಲೇ ಹೇಳಲಾಗದು, ಅಳೆದೇ ತಿಳಿಯಬೇಕು. ಆದರೆ ಕನ್ನಡದ ಐದು, ತೆಲುಗಿನ ಐದು, ದಖನಿಯ ಐದು ಒಂದೇ ಐದಲ್ಲ ಎಂಬುದನ್ನು ಹೇಳಲು ಇಷ್ಟು ಸಾಕು.

5. ಮಗು ಯಾವ ಭಾಷೆಯಲ್ಲಿ ಎಣಿಸುತ್ತದೆ?

ಮೇಲಿನ ಲೆಕ್ಕ ಪ್ರತಿ ಮಗುವೂ ಒಂದೊಂದು ಭಾಷೆಯಲ್ಲಿ ಎಣಿಸುತ್ತದೆ ಎಂದು ಭಾವಿಸಿದ್ದು. ಈ ಸೀಮೆಯ ಶಾಲೆಗಳಲ್ಲಿ ಹಾಗಿಲ್ಲ. ಕನ್ನಡದ ಅಂಕಿ ಕೇಳಿದ ತೆಲುಗು ಮಗು ಒಳಗೆ ತೆಲುಗಿಗೆ ತಿರುಗಿಸಿಕೊಂಡು ಹಿಡಿದಿಟ್ಟು, ಹೊರಗೆ ಮತ್ತೆ ಕನ್ನಡದಲ್ಲಿ ಹೇಳುತ್ತಿರಬಹುದು. ಹಾಗಾದರೆ ಆ ಮಗು ಮಾಡುತ್ತಿರುವುದು ಸರಳ ವ್ಯಾಪ್ತಿಯ ಪರೀಕ್ಷೆಯಲ್ಲ, ಅನುವಾದವನ್ನೂ ಒಳಗೊಂಡ ಸಂಕೀರ್ಣ ಪರೀಕ್ಷೆ. ಹೆಚ್ಚು ಕೆಲಸ ಮಾಡಿದ ಮಗುವಿಗೆ ಕಡಿಮೆ ಗಳಿಕೆ ಬರುವ ವಿಪರ್ಯಾಸ ಇಲ್ಲಿ ಸಾಧ್ಯ.

ಮೊಬೈಲ್ ಸಂಖ್ಯೆಯನ್ನು ಹೇಳುವಾಗ ಮೂರೂ ಮನೆಗಳ ಮಕ್ಕಳು ಇಂಗ್ಲಿಷ್ ಅಂಕಿಗಳನ್ನು ಬಳಸುತ್ತಾರೆ. ಇಂಗ್ಲಿಷಿನಲ್ಲಿ ಅವು 10 ಅಕ್ಷರ. ಹಳ್ಳಿಯ ಬಾಯಲ್ಲಿ ‘ಒನ್ನು, ಟೂ, ತ್ರೀ, ಫೋರು, ಫೈವು, ಸಿಕ್ಸು, ಸೆವೆನ್ನು, ಎಯ್ಟು, ನೈನು’ ಎಂದಾಗ 17. ಇನ್ನೊಂದು ಕಡೆ ಪಠ್ಯದ ‘ನಾಲ್ಕು’ ಮಾತಿನ ‘ನಾಕು’, ಪಠ್ಯದ ‘ಎರಡು’ ಮಾತಿನ ‘ಎರ್ಡು’ ಇಲ್ಲವೆ ‘ಎಲ್ಡು’. ಪರೀಕ್ಷಕರು ಪುಸ್ತಕದ ಕನ್ನಡದಲ್ಲಿ ಕೇಳುತ್ತಾರೆ, ಮಗು ಮನೆಯ ಕನ್ನಡದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಕನ್ನಡವೇ ಮನೆಮಾತಾದ ಕೊರಟಗೆರೆಯ ಹುಡುಗನೂ ಈ ಅರ್ಥದಲ್ಲಿ ಪೂರ್ತಿ ಏಕಭಾಷಿಕನಲ್ಲ.

ಪರಿಚಯದ ಪ್ರಶ್ನೆಯೂ ಇದೆ. ಅಂಕಿವ್ಯಾಪ್ತಿ ಅಲ್ಪಕಾಲಿಕ ಸ್ಮೃತಿಯ ಶುದ್ಧ ಅಳತೆಯೇ ಅಲ್ಲ, ಅಂಕಿಗಳ ಸರಣಿಯನ್ನು ಜೀವನದುದ್ದಕ್ಕೂ ಕೇಳಿ ಗಳಿಸಿದ ಸಾಹಚರ್ಯದ ಅಳತೆ ಎಂದು ಗ್ಯಾರಿ ಜೋನ್ಸ್ ಮತ್ತು ಬಿಲ್ ಮ್ಯಾಕನ್ 2015ರಲ್ಲಿ ವಾದಿಸಿದರು. ಇದು ನಿಜವಾದರೆ, ಮಗ್ಗಿಯನ್ನು ರಾಗವಾಗಿ ಬಾಯಿಪಾಠ ಮಾಡಿಸುವ ಶಾಲೆಯ ಮಗುವಿಗೂ ಮಾಡಿಸದ ಶಾಲೆಯ ಮಗುವಿಗೂ ವ್ಯತ್ಯಾಸ ಇರಲೇಬೇಕು. ಆಗ ನಾವು ಅಳೆಯುತ್ತಿರುವುದು ಮಗುವಿನ ಬುದ್ಧಿಯನ್ನೋ, ಅದರ ಮೇಷ್ಟರ ರೂಢಿಯನ್ನೋ?

6. ಕ್ರಿಯಾಪದದಲ್ಲಿ ಮುಗಿಯುವ ವಾಕ್ಯ

ಹಾಗಾದರೆ ಅಂಕಿಗಳನ್ನು ಬಿಟ್ಟು ಸಂಕೀರ್ಣ ವ್ಯಾಪ್ತಿಯ ಪರೀಕ್ಷೆಗಳನ್ನೇ ಬಳಸಬಹುದಲ್ಲ ಎನ್ನಬಹುದು. ಅಲ್ಲಿ ಭಾಷೆಯ ಪಾತ್ರ ಇನ್ನೂ ಹಿರಿದು. ಡೇನ್‌ಮನ್ ಮತ್ತು ಕಾರ್ಪೆಂಟರ್ 1980ರಲ್ಲಿ ರೂಪಿಸಿದ ಓದಿನ ವ್ಯಾಪ್ತಿಯ ಪರೀಕ್ಷೆಯಲ್ಲಿ ವಾಕ್ಯಗಳನ್ನು ಒಂದಾದ ಮೇಲೊಂದು ಓದುತ್ತ ಪ್ರತಿ ವಾಕ್ಯದ ಕೊನೆಯ ಪದವನ್ನು ನೆನಪಿಡಬೇಕು. ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ನಾಮಪದವನ್ನು ತರುವುದು ಸುಲಭ. ಕನ್ನಡದಲ್ಲಿ ಸಹಜವಾಗಿ ಬರುವುದು ಪೂರ್ಣಕ್ರಿಯಾಪದ: ಬಂದನು, ತಂದನು, ನಿಂದನು. ತೆಲುಗಿನಲ್ಲಿ: ವಚ್ಚಾಡು, ವೆಳ್ಳಾಡು, ತೆಚ್ಚಾಡು. ಲಿಂಗವಚನ ಪ್ರತ್ಯಯಗಳಿಂದಾಗಿ ನೆನಪಿಡಬೇಕಾದ ಪದಗಳೆಲ್ಲ ಅಂತ್ಯಪ್ರಾಸದಲ್ಲಿ ಬರುತ್ತವೆ. ಧ್ವನಿಸಾದೃಶ್ಯದ ತೊಡಕು ಪರೀಕ್ಷೆಯ ರಚನೆಯೊಳಗೇ ಸೇರಿಕೊಳ್ಳುತ್ತದೆ. ಇದನ್ನು ತಪ್ಪಿಸಲು ‘ಅವನ ಕೈಯಲ್ಲಿದ್ದುದು ಕುಡುಗೋಲು’ ಎಂಬಂಥ ನಾಮಾಂತ ವಾಕ್ಯಗಳನ್ನು ಕಟ್ಟಬಹುದು. ಆದರೆ ಅಲ್ಲಿ ಕೊನೆಯ ಪದಕ್ಕೇ ಒತ್ತು ಬೀಳುತ್ತದೆ, ಒತ್ತು ಬಿದ್ದ ಪದ ನೆನಪಿನಲ್ಲಿ ಉಳಿಯುವುದು ಸಹಜ. ಒಂದು ದೋಷವನ್ನು ಕಳೆದು ಇನ್ನೊಂದನ್ನು ತಂದಂತಾಗುತ್ತದೆ.

ವಾಕ್ಯದ ಹೊರೆಯನ್ನು ಸ್ಮೃತಿ ಒಂದೇ ಹೊರುವುದಿಲ್ಲ, ವ್ಯಾಕರಣವೂ ಹೊರುತ್ತದೆ. ಕರ್ತೃವಿಗೂ ಕ್ರಿಯಾಪದಕ್ಕೂ ದೂರ ಹೆಚ್ಚಿದಷ್ಟೂ ಹೊರೆ ಹೆಚ್ಚುತ್ತದೆ ಎಂಬುದು ಇಂಗ್ಲಿಷಿನ ಆಧಾರದ ಮೇಲೆ ಬೆಳೆದ ತಿಳಿವಳಿಕೆ. ಆದರೆ ಕ್ರಿಯಾಂತ ಭಾಷೆಯಾದ ಹಿಂದಿಯಲ್ಲಿ ನಡುವೆ ಬಂದ ಪದಗಳು ಕೆಲವೊಮ್ಮೆ ಕ್ರಿಯಾಪದವನ್ನು ಗ್ರಹಿಸಲು ನೆರವಾಗುತ್ತವೆ ಎಂದು ಶ್ರವಣ್ ವಸಿಷ್ಠ ಮತ್ತು ರಿಚರ್ಡ್ ಲೂಯಿಸ್ 2006ರಲ್ಲಿ ತೋರಿಸಿದರು. ವಿಭಕ್ತಿಪ್ರತ್ಯಯಗಳು ಮುಂದಿನದನ್ನು ಮೊದಲೇ ಸೂಚಿಸುವ ಕನ್ನಡದಲ್ಲಿ, ಇಂಗ್ಲಿಷಿನ ವಾಕ್ಯವನ್ನು ಅನುವಾದಿಸಿ ‘ಇದು ಕಠಿಣ, ಇದು ಸುಲಭ’ ಎಂದು ದರ್ಜೆ ಕೊಡುವುದು ಸಲ್ಲದು.

7. ಗಣೆ ಮತ್ತು ಅವಧಾನ

ಈ ಸೀಮೆಯಲ್ಲಿ ಸ್ಮೃತಿಯ ಬೇರೊಂದು ಮಾದರಿಯೂ ಬಾಳಿಕೊಂಡು ಬಂದಿದೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ. ಅವನ ಕಾವ್ಯವನ್ನು ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಹಾಡುವ ಗಾಯಕ ಅದನ್ನು ಅಂಕಿಗಳಂತೆ ಬಿಡಿಬಿಡಿಯಾಗಿ ಹಿಡಿದಿಟ್ಟುಕೊಂಡಿರುವುದಿಲ್ಲ. ಸೂತ್ರರೂಪದ ನುಡಿಗಟ್ಟು, ಪುನರುಕ್ತಿ, ಧಾಟಿ, ಕಥೆಯ ಘಟ್ಟಗಳು ಅವನ ಸ್ಮೃತಿಗೆ ಮೆಟ್ಟಿಲುಗಳಾಗುತ್ತವೆ. ಯುಗೊಸ್ಲಾವಿಯದ ಗಾಯಕರನ್ನು ಕುರಿತು ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಕಂಡುಕೊಂಡದ್ದೂ ಇದೇ ಬಗೆಯದು. ಪಳಗಿದವರು ದೀರ್ಘಕಾಲಿಕ ಸ್ಮೃತಿಯನ್ನೇ ಕಾರ್ಯಸ್ಮೃತಿಯಂತೆ ಬಳಸುತ್ತಾರೆ ಎಂಬ ಎರಿಕ್ಸನ್ ಮತ್ತು ಕಿಂಚ್ ಅವರ 1995ರ ಪ್ರತಿಪಾದನೆಯೂ ಇದನ್ನು ಬೆಂಬಲಿಸುತ್ತದೆ. ಅಂಥ ಗಾಯಕನ ಅಂಕಿವ್ಯಾಪ್ತಿ ಎಷ್ಟೇ ಇರಲಿ, ಅದು ಅವನ ಸ್ಮೃತಿಯನ್ನು ಕುರಿತು ನಮಗೆ ಹೇಳುವುದು ಅತ್ಯಲ್ಪ.

ತೆಲುಗು ಮತ್ತು ಕನ್ನಡಗಳೆರಡರಲ್ಲೂ ಬೆಳೆದ ಅವಧಾನಕಲೆ ಇದಕ್ಕೆ ಪೂರಕವಾದ ನಿದರ್ಶನ. ಶತಾವಧಾನಿ ಆರ್. ಗಣೇಶ್ ಅದನ್ನು ಕನ್ನಡದಲ್ಲಿ ಮರಳಿ ನೆಲೆಗೊಳಿಸಿದ್ದಲ್ಲದೆ ಅದರ ಶಾಸ್ತ್ರವನ್ನೂ ಬರೆದಿದ್ದಾರೆ. ಪೃಚ್ಛಕರು ಹೆಜ್ಜೆಹೆಜ್ಜೆಗೂ ಅಕ್ಷರವನ್ನು ತಡೆಯುವ ನಿಷೇಧಾಕ್ಷರಿ, ಗಮನವನ್ನು ಚದುರಿಸುವ ಅಪ್ರಸ್ತುತಪ್ರಸಂಗ, ಸಮಸ್ಯೆ, ದತ್ತಪದಿಗಳ ನಡುವೆ ಅವಧಾನಿ ಪದ್ಯಗಳನ್ನು ಕಟ್ಟಿ ಕೊನೆಯಲ್ಲಿ ಧಾರಣೆಯಿಂದ ಒಪ್ಪಿಸುತ್ತಾನೆ. ಧಾರಣೆ ಬೇರೆ, ಅವಧಾನ ಬೇರೆ ಎಂಬ ವಿವೇಕ ಈ ಪರಂಪರೆಯ ಪರಿಭಾಷೆಯಲ್ಲೇ ಇದೆ. ಎಂಗಲ್ ಅವರ ಬಳಗ ಸರಳ ವ್ಯಾಪ್ತಿಯಿಂದ ಅವಧಾನದ ನಿಯಂತ್ರಣವನ್ನು ಬೇರ್ಪಡಿಸಿದಾಗ ಗುರುತಿಸಿದ್ದೂ ಇದಕ್ಕೆ ಹತ್ತಿರದ ಭೇದವನ್ನೇ. ಅವಧಾನಿಯ ಧಾರಣೆಗೆ ಆಧಾರವಾಗುವುದು ಛಂದಸ್ಸು, ಅಂದರೆ ಒಂದು ಭಾಷೆಯ ಲಯ. ಸ್ಮೃತಿಯ ತುದಿಯಲ್ಲಿಯೂ ಭಾಷೆ ಕಳಚಿಹೋಗುವುದಿಲ್ಲ.

8. ಆಕ್ಷೇಪ ಮತ್ತು ಹೊಣೆ

ಈ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಒಂದೇ ಭಾಷೆಯ, ಒಂದೇ ಹಟ್ಟಿಯ, ಒಂದೇ ತರಗತಿಯ ಇಬ್ಬರು ಮಕ್ಕಳ ನಡುವೆಯೂ ವ್ಯತ್ಯಾಸವಿರುತ್ತದೆ. ಅದನ್ನು ಸಂಧಿಯಿಂದಾಗಲಿ ಮಾತ್ರೆಯಿಂದಾಗಲಿ ವಿವರಿಸಲಾಗದು. ಇದು ನಿಜ. ಭಾಷೆಯ ಪಾಲನ್ನು ಕಳೆದ ಮೇಲೂ ಉಳಿಯುವ ವ್ಯತ್ಯಾಸ ಬುದ್ಧಿಶಕ್ತಿಯೊಡನೆ ಸಂಬಂಧ ಹೊಂದಿರಬಹುದು. ನಮ್ಮ ತಕರಾರು ಆ ಕಳೆಯುವ ಲೆಕ್ಕವನ್ನು ಮಾಡದೆ ಮುಂದುವರಿಯುವುದರ ಬಗ್ಗೆ.

ತಪ್ಪು ಎರಡೂ ಕಡೆ ಆಗಬಹುದೆಂಬುದನ್ನು ಮರೆಯಬಾರದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಬೌದ್ಧಿಕ ನ್ಯೂನತೆಯೂ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿವೆ. ಬುದ್ಧಿಪರೀಕ್ಷೆ ಅವುಗಳ ನಿರ್ಣಯದ ಒಂದು ಅಂಗ. ಭಾಷೆಯ ತೊಡಕನ್ನು ಬುದ್ಧಿಯ ತೊಡಕೆಂದು ಬಗೆದರೆ ಪಾವಗಡದ ಹುಡುಗಿಗೆ ಅನ್ಯಾಯ. ‘ಮನೆಯಲ್ಲಿ ತೆಲುಗು, ಅದಕ್ಕೇ ಹಿಂದೆ’ ಎಂದು ನಿಜವಾದ ಕಲಿಕಾ ನ್ಯೂನತೆಯನ್ನು ತಳ್ಳಿಹಾಕಿದರೆ ಅವಳಿಗೆ ಸಿಗಬೇಕಾದ ನೆರವೂ ರಿಯಾಯಿತಿಯೂ ತಪ್ಪುತ್ತವೆ. ಭಾಷೆಯ ಹೆಸರಿನಲ್ಲಿ ಪರೀಕ್ಷೆಯನ್ನೇ ನಿರಾಕರಿಸುವುದು ಪರಿಹಾರವಲ್ಲ. ಪರೀಕ್ಷೆಗೆ ಭಾಷೆಯನ್ನು ಕಾಣಿಸುವುದು ಪರಿಹಾರ.

ಅದಕ್ಕೆ ಬೇಕಾದದ್ದು ದೊಡ್ಡ ಯಂತ್ರಗಳಲ್ಲ. ಒಂದು, ಮಗು ಯಾವ ಭಾಷೆಯಲ್ಲಿ ಎಣಿಸಿಕೊಳ್ಳುತ್ತದೆಂದು ಕೇಳಿ ದಾಖಲಿಸುವುದು, ಸಾಧ್ಯವಿದ್ದಲ್ಲಿ ಎರಡೂ ಭಾಷೆಗಳಲ್ಲಿ ಪರೀಕ್ಷಿಸುವುದು. ಎರಡು, ಆ ಮಗು ಅಂಕಿಗಳನ್ನು ಎಷ್ಟು ಬೇಗ ಉಚ್ಚರಿಸಬಲ್ಲದೆಂದು ಅಳೆದು, ವ್ಯಾಪ್ತಿಯನ್ನು ಅಂಕಿಗಳ ಸಂಖ್ಯೆಯಲ್ಲಿ ಮಾತ್ರವಲ್ಲದೆ ಸೆಕೆಂಡುಗಳಲ್ಲಿಯೂ ವರದಿ ಮಾಡುವುದು. ಮೂರು, ಪರೀಕ್ಷಕರು ಮುಟ್ಟಿದ ಮರದ ತುಂಡುಗಳನ್ನು ಅದೇ ಕ್ರಮದಲ್ಲಿ ಮುಟ್ಟುವ ಕೋರ್ಸಿ ಪರೀಕ್ಷೆಯಂಥ, ಮಾತಿನ ನೆರವು ಕಡಿಮೆ ಬೇಡುವ ಅಳತೆಯನ್ನು ಜೊತೆಗಿಡುವುದು. ನಾಲ್ಕು, ಅರ್ಥವಿಲ್ಲದ ಪದಗಳನ್ನು ತಿರುಗಿ ಹೇಳಿಸುವಾಗ ಕನ್ನಡ, ತೆಲುಗು, ದಖನಿ ಮೂರಕ್ಕೂ ಸಾಮಾನ್ಯವಾದ ಧ್ವನಿಗಳಿಂದಲೇ ಅವನ್ನು ಕಟ್ಟುವುದು. ಮಹಾಪ್ರಾಣ ಮತ್ತು ಹಕಾರ ಸಡಿಲವಾಗಿರುವ ಗ್ರಾಮೀಣ ಕನ್ನಡದ ಮಗುವಿಗೆ ಅವುಗಳಿಂದ ತುಂಬಿದ ಪದ ಕೊಟ್ಟು ‘ತಪ್ಪು’ ಎಂದು ಗುರುತು ಹಾಕುವುದು ಸ್ಮೃತಿಯ ಪರೀಕ್ಷೆಯಾಗದು.

ಇವೆಲ್ಲವೂ ಭಾಷಾವಿಜ್ಞಾನಿ ಮಾಡಬಲ್ಲ ಕೆಲಸಗಳು. ಒಂದು ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಯಲ್ಲಿ ಒಂದು ಪಿಎಚ್.ಡಿ. ಪ್ರಬಂಧ ಹಿಡಿಸುವಷ್ಟೇ ದೊಡ್ಡವು. ಮೂರು ಭಾಷೆಗಳ ಅಂಕಿಗಳನ್ನು ಬಿಡಿಯಾಗಿಯೂ ಕೂಡುಮಾತಿನಲ್ಲಿಯೂ ಧ್ವನಿಮುದ್ರಿಸಿ ಅವುಗಳ ಕಾಲವನ್ನು ಅಳೆಯುವುದು ಅದರ ಮೊದಲ ಅಧ್ಯಾಯವಾಗಬಹುದು. ಇಷ್ಟು ದಿನ ಈ ಕ್ಷೇತ್ರವನ್ನು ನಾವು ಮನೋವಿಜ್ಞಾನಕ್ಕೆ ಬಿಟ್ಟುಕೊಟ್ಟಿದ್ದೇವೆ. ಪರಿಣಾಮವಾಗಿ ಅಳತೆಗೋಲಿನಲ್ಲಿರುವ ಭಾಷೆ ಅಳೆಯುವವರಿಗೂ ಕಾಣಲಿಲ್ಲ, ಭಾಷೆ ಬಲ್ಲ ನಾವು ಅಳತೆಗೋಲಿನ ಕಡೆ ನೋಡಲಿಲ್ಲ. ನಾಲ್ಕಕ್ಕೆ ನಿಂತ ಆ ಮಗು ಇನ್ನೊಮ್ಮೆ ಪರೀಕ್ಷೆಗೆ ಬರುವ ಮುನ್ನ, ಅದು ನಿಂತದ್ದು ಯಾವ ಭಾಷೆಯ ನಾಲ್ಕಕ್ಕೆ ಎಂಬುದನ್ನು ಹೇಳುವ ಹೊಣೆ ನಮ್ಮದು.